ಅಪ್ಪನ ಇಂಕ್ ಪೆನ್ನು ಮತ್ತೆ ಬರೆಯಬೇಕು, ಮಳೆಗಾಲ ಸುರುವಾಗುವ ಮೊದಲು ದಾರಿ ಹೇಳಿ

ನೀರ್ಚಾಲು ಮನೆಯವಳು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮನೆಯಲ್ಲಿ ಪೂಜೆ ಇತ್ತು. ಹೇಳಿಕೆ ಕಾಗದದ ಲಕೋಟೆಗಳ ಮೇಲೆ ಹೆಸರು ಬರೆಯಲು ಕೂತೆ. 'ಲಕ್ಷ್ಮೀ' ಅಂತ ಬರೆಯುವಾಗ ಕೈ ನಿಂತೇಬಿಟ್ಟಿತು. ಮ ಒತ್ತನ್ನು ಎಲ್ಲಿಂದ ಸುರು ಮಾಡುವುದು ಅಂತ ಬೆರಳಿಗೆ ನೆನಪಾಗಲಿಲ್ಲ. ನೋಡಿದರೆ ಗೊತ್ತಾಗುತ್ತದೆ, ಓದಲು ಬರುತ್ತದೆ, ಫೋನಿನಲ್ಲಿ ಒತ್ತಿದರೆ ಬರುತ್ತದೆ. ಕೈಗೆ ಮಾತ್ರ ಬರಲಿಲ್ಲ. ನನಗೆ ನಿಜಕ್ಕೂ ಹೆದರಿಕೆ ಆಯಿತು.

ನಾನು ಕನ್ನಡ ಮೀಡಿಯಮಿನಲ್ಲೇ ಓದಿದವಳು. ನಮ್ಮ ಊರು ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಈಗ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್. ಅಲ್ಲಿ ಮಲಯಾಳ ಮತ್ತು ಇಂಗ್ಲಿಷ್. ಕನ್ನಡ ಇರುವುದು ವಾಟ್ಸಾಪಿನಲ್ಲಿ. ಅಲ್ಲಿಯೂ ಅರ್ಧ ಪದ ಒತ್ತುವಾಗಲೇ ಉಳಿದರ್ಧ ಫೋನೇ ಕೊಡುತ್ತದೆ.

ಅದೇ ರಾತ್ರಿ ಅಪ್ಪನ ಮೇಜಿನ ಡ್ರಾಯರ್ ತೆಗೆದೆ. ಅವರ ಅಡಿಕೆ ಲೆಕ್ಕದ ಪುಸ್ತಕದ ಜೊತೆ ಅವರ ಇಂಕ್ ಪೆನ್ನು ಸಿಕ್ಕಿತು. ಕಪ್ಪು ಬಣ್ಣ, ದಪ್ಪ. ಟೋಪಿಯ ಹತ್ತಿರ ಕಂದಾಗಿದೆ. ಕಂಪೆನಿ ಹೆಸರು ಇಲ್ಲ. ತಿರುಗಿಸಿ ಬಿಚ್ಚಿ, ಫಿಲ್ಲರಿನಲ್ಲಿ ಶಾಯಿ ತುಂಬುವ ಹಳೆಯ ಜಾತಿಯದು. ಒಳಗೆ ಶಾಯಿ ಒಣಗಿ ಕಲ್ಲಾಗಿದೆ. ಬಟ್ಟೆಯಲ್ಲಿ ಉಜ್ಜಿದರೆ ಸುಟ್ಟ ರಬ್ಬರಿನ ವಾಸನೆ ಬರುತ್ತದೆ.

ದಿನಕ್ಕೆ ಒಂದು ಪುಟ ಕನ್ನಡ ಬರೆಯಬೇಕು, ಈ ಪೆನ್ನಿನಲ್ಲೇ ಬರೆಯಬೇಕು ಅಂತ ಆಸೆ. ಇದನ್ನು ತೊಳೆಯುವುದು ಹೇಗೆ? ಯಾವ ಶಾಯಿ ಹಾಕಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಳ್ಳೇರಿಯಾದವ, ಈಗ ಬೆಂಗಳೂರು

ಅಕ್ಕಾ, ಬಿಸಿನೀರು ಹಾಕಬೇಡಿ! ಅದನ್ನು ಮೊದಲು ಹೇಳಿಬಿಡುತ್ತೇನೆ.

ವಾಸನೆ ಹೇಳಿದಿರಲ್ಲ, ಅದು ಎಬೊನೈಟ್. ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ತುಂಬಾ ಹೊತ್ತು ಕಾಯಿಸಿದರೆ ಮರದ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಲೇತಿನಲ್ಲಿ ಕಡೆದು ಪೆನ್ನು ಮಾಡುತ್ತಾರೆ. ಬಿಸಿಲು ಬಿದ್ದರೆ ಅದು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿನೀರಿಗೆ ಹಾಕಿದರೆ ಒಂದೇ ದಿನದಲ್ಲಿ ಹೊಳಪು ಹೋಗುತ್ತದೆ. ಸ್ಪಿರಿಟ್, ಸ್ಯಾನಿಟೈಸರ್ ಕೂಡ ಬೇಡ.

ಒಂದು ಗ್ಲಾಸಿನಲ್ಲಿ ತಣ್ಣೀರು ತೆಗೆದುಕೊಳ್ಳಿ. ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಸಾಕು. ನಿಬ್ಬಿನ ಭಾಗ ಮಾತ್ರ ಮುಳುಗುವ ಹಾಗೆ ಇಡಿ, ಇಡೀ ಪೆನ್ನನ್ನಲ್ಲ. ನೀರು ನೀಲಿಯಾದ ಹಾಗೆ ಬದಲಾಯಿಸಿ. ಎರಡು ದಿನ ಹಿಡಿಯಬಹುದು, ನಾಲ್ಕು ದಿನವೂ ಹಿಡಿಯಬಹುದು. ನಿಬ್ಬು ಕೈಗೆ ಬಾರದಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ನೆನೆದ ಮೇಲೆ ತಾನಾಗಿ ಸಡಿಲ ಆಗುತ್ತದೆ. ಉದ್ದದ ಕೊಳವೆಯ ಒಳಗೆ ಒದ್ದೆ ಬಟ್ಟೆ ಸುತ್ತಿದ ಕಡ್ಡಿ ಆಡಿಸಿದರೆ ಸಾಕು.

ನಿಬ್ಬಿನ ಅಡಿಯಲ್ಲಿ ಕಪ್ಪು ನಾಲಗೆಯಂಥದ್ದು ಇದೆಯಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಕೂದಲಿನಷ್ಟು ಸಪೂರ ತೋಡು ಇರುತ್ತದೆ. ಶಾಯಿ ಅದರಲ್ಲಿ ಕೆಳಗೆ ಇಳಿಯುತ್ತದೆ, ಗಾಳಿ ಮೇಲೆ ಹೋಗುತ್ತದೆ. ಗಾಳಿ ಹೋಗದಿದ್ದರೆ ಶಾಯಿ ಬರುವುದಿಲ್ಲ. ಅಮೆರಿಕದ ವಾಟರ್‌ಮನ್ ಇಂಥ ನಾಲಗೆಗೆ ಪೇಟೆಂಟ್ ಪಡೆದದ್ದು 1884ರಲ್ಲಿ. ಇವತ್ತಿನ ಪೆನ್ನು ಕೂಡ ಅದೇ ಉಪಾಯದಲ್ಲಿ ಬರೆಯುವುದು. ಆ ತೋಡಿನಲ್ಲಿ ಒಣಗಿದ ಶಾಯಿ ಉಳಿಯಬಾರದು.

ಮತ್ತೆ, ಇಂಥ ಪೆನ್ನು ಮಾಡುವವರು ಮುಗಿದುಹೋದರು ಅಂದುಕೊಳ್ಳಬೇಡಿ. ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ರಂಗಾ ಪೆನ್ನಿನವರು ಈಗಲೂ ಎಬೊನೈಟನ್ನು ಕೈಯಲ್ಲೇ ಕಡೆಯುತ್ತಾರೆ. ಆಂಧ್ರದ ರಾಜಮಂಡ್ರಿಯ ರತ್ನಂ ಪೆನ್ನಿನ ಕಥೆ ಕೇಳಿರಬಹುದು. ಎಲ್ಲ ಭಾಗವೂ ಸ್ವದೇಶಿ ಆಗಿರುವ ಪೆನ್ನು ಬೇಕು ಅಂತ ಗಾಂಧೀಜಿ ಕಡೆಯಿಂದ ಮಾತು ಬಂದು ಮಾಡಿದ್ದು. 1935ರಲ್ಲಿ ಗಾಂಧೀಜಿ ಮೆಚ್ಚಿ ಕಾಗದ ಬರೆದರು.

ಕುಂಬಳೆ ಮಾಷ್ಟ್ರು

ತಂಗೀ, ನಿಮ್ಮ 'ಲಕ್ಷ್ಮೀ'ಯ ಸಂಗತಿ ಓದಿ ಮನಸ್ಸಿಗೆ ತಾಗಿತು. ಮೂವತ್ತು ವರ್ಷಕ್ಕಿಂತ ಜಾಸ್ತಿ ಕನ್ನಡ ಪಾಠ ಮಾಡಿದವ ನಾನು. ಈಗಿನ ಮಕ್ಕಳು ಒತ್ತಕ್ಷರವನ್ನು ಬರೆಯುವುದಿಲ್ಲ, ಚಿತ್ರದ ಹಾಗೆ ಬಿಡಿಸುತ್ತಾರೆ. ಅದು ಕೈಯಿಂದ ಹರಿದು ಬರಬೇಕು.

ನಮ್ಮ ಕಾಲದಲ್ಲಿ ಮೊದಲು ಸ್ಲೇಟು. ಆಮೇಲೆ ಪೆನ್ಸಿಲು. ಐದನೇ ಕ್ಲಾಸಿಗೆ ಪೆನ್ನು. ಪೆನ್ನು ಕೈಗೆ ಬಂದ ದಿನ ದೊಡ್ಡವರಾದ ಹಾಗೆ. ಅರ್ಧ ಕ್ಲಾಸಿನಲ್ಲಿ ಶಾಯಿ ಮುಗಿದರೆ ಪಕ್ಕದವನು ಡೆಸ್ಕಿನ ಮೇಲೆ ಎರಡು ತೊಟ್ಟು ಬಿಡುತ್ತಿದ್ದ. ಅದನ್ನು ನಮ್ಮ ನಿಬ್ಬಿಗೆ ತಾಗಿಸಿ ಎರಡು ಸಾಲು ಬರೆಯುವುದು. ಮರುದಿನ ಎರಡು ತೊಟ್ಟು ವಾಪಸು. ಪುಸ್ತಕದಲ್ಲಿ ಶಾಯಿ ಚೆಲ್ಲಿದರೆ ಚಾಕ್ ಉರುಳಿಸಿ ಹೀರಿಸುತ್ತಿದ್ದೆವು. ನಿಬ್ಬು ಬರೆಯದಿದ್ದರೆ ಅರ್ಧ ಬ್ಲೇಡು ತೆಗೆದು ಸೀಳಿನಲ್ಲಿ ಎಳೆಯುತ್ತಿದ್ದೆವು. ಅದನ್ನು ಮಾತ್ರ ನೀವು ಮಾಡಬೇಡಿ. ಸೀಳು ಅಗಲವಾದರೆ ಶಾಯಿ ತುದಿಯವರೆಗೆ ಬರುವುದೇ ಇಲ್ಲ. ಎಷ್ಟೋ ಒಳ್ಳೆಯ ನಿಬ್ಬು ನಾವು ಹಾಗೆ ಹಾಳು ಮಾಡಿದ್ದೇವೆ.

ಇನ್ನೊಂದು ಮಾತು. ಫಿಲ್ಲರಿನಲ್ಲಿ ತುಂಬುವ ಪೆನ್ನು ಶಾಯಿ ಕಡಿಮೆ ಆದಾಗ ಕಕ್ಕುತ್ತದೆ. ನಾವು 'ಪೆನ್ನು ಹಾಳಾಯಿತು' ಅಂತ ಬೈಯುತ್ತಿದ್ದೆವು. ಕಾರಣ ಬೇರೆ. ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ. ಕೈಯ ಬಿಸಿ ತಾಗಿ ಗಾಳಿ ಹಿಗ್ಗುತ್ತದೆ, ಶಾಯಿಯನ್ನು ನೂಕುತ್ತದೆ. ಅಕ್ಷರದ ಮೇಲೆ ಟಪ್ ಅಂತ ಬೀಳುತ್ತದೆ. ಕಾಲು ಭಾಗಕ್ಕೆ ಇಳಿಯುವ ಮೊದಲೇ ತುಂಬಿಸಿ. ತಿರುಗಿಸಿ ಮುಚ್ಚುವ ಕಡೆಯ ಸ್ಕ್ರೂ ಎಳೆಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ.

ಮಂಜೇಶ್ವರದ ಹುಡುಗ

ಮಾಷ್ಟ್ರೇ, ಒಂದು ಸಂಶಯ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಬಿ.ಎ. ಕನ್ನಡ ಓದುತ್ತಿದ್ದೇನೆ. ಬಾಲ್ ಪೆನ್ನಿನಲ್ಲಿ ಬರೆದರೂ ಕೈಯಲ್ಲೇ ಬರೆದ ಹಾಗೆ ಅಲ್ವಾ? ಚೆಲ್ಲುವುದಿಲ್ಲ, ತೊಳೆಯುವುದು ಬೇಡ, ಅಂಗಡಿ ಅಂಗಡಿಯಲ್ಲಿ ಸಿಗುತ್ತದೆ. ಇಂಕ್ ಪೆನ್ನೇ ಆಗಬೇಕು ಅಂತ ಯಾಕೆ?

ಕುಂಬಳೆ ಮಾಷ್ಟ್ರು

ಒಳ್ಳೆಯ ಪ್ರಶ್ನೆ ಮಗೂ. ಬಾಲ್ ಪೆನ್ನಿನಲ್ಲಿ ಬರೆದರೂ ಕನ್ನಡವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೆದು ನೋಡು.

ಬಾಲ್ ಪೆನ್ನಿನ ಶಾಯಿ ಅಂಟಿನ ಹಾಗೆ ದಪ್ಪ. ಹಂಗೇರಿಯ ಲಾಸ್ಲೋ ಬೀರೋ 1938ರಲ್ಲಿ ಪೇಟೆಂಟ್ ಪಡೆದದ್ದು ಅಂಥ ದಪ್ಪ ಶಾಯಿಯನ್ನು ಉರುಳುವ ಗುಂಡಿನಿಂದ ಕಾಗದಕ್ಕೆ ಹಚ್ಚುವ ಉಪಾಯಕ್ಕೆ. ಗುಂಡು ಉರುಳಬೇಕಾದರೆ ಒತ್ತಬೇಕು. ಎರಡು ಪುಟ ಬರೆದ ಮೇಲೆ ಕಾಗದ ತಿರುಗಿಸಿ ಬೆರಳಾಡಿಸು. ಅಕ್ಷರಗಳು ಹಿಂದೆ ಉಬ್ಬಿರುತ್ತವೆ. ಅಷ್ಟು ಬಲ ನಿನ್ನ ಮಣಿಕಟ್ಟಿನಿಂದ ಹೋಗಿದೆ. ಇಂಕ್ ಪೆನ್ನಿನ ಶಾಯಿ ನೀರಿನಂಥದ್ದು. ತುದಿ ಕಾಗದಕ್ಕೆ ತಾಗಿದರೆ ಸಾಕು, ಕಾಗದವೇ ಎಳೆದುಕೊಳ್ಳುತ್ತದೆ. ಒತ್ತಿದರೆ ನಿಬ್ಬು ಹಾಳು. ಹಾಗಾಗಿ ಪೆನ್ನೇ ನಿನಗೆ ಹಗುರವಾಗಿ ಹಿಡಿಯಲು ಕಲಿಸುತ್ತದೆ.

ನಮ್ಮ ಅಕ್ಷರಗಳು ಗುಂಡು. ತಾಳೆಗರಿಯ ಮೇಲೆ ಕಂಟದಲ್ಲಿ, ಅಂದರೆ ಬರೆಯುವ ಚೂಪು ಕಡ್ಡಿಯಲ್ಲಿ, ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ದುಂಡಾದವು ಅಂತ ಹಿರಿಯರು ಹೇಳುತ್ತಾರೆ. ಗುಂಡು ಅಕ್ಷರಕ್ಕೆ ಕೈ ತಿರುಗಬೇಕು. ಒತ್ತಿ ಹಿಡಿದ ಕೈ ತಿರುಗುವುದಿಲ್ಲ. 'ಅ' ಬರೆಯುವಾಗ ಒಳಗಿನ ಸುಳಿಯಿಂದ ಹೊರಗೆ ಬರುವ ಆ ಒಂದು ತಿರುವು ಇದೆಯಲ್ಲ, ಅದನ್ನು ಎರಡೂ ಪೆನ್ನಿನಲ್ಲಿ ಹತ್ತು ಹತ್ತು ಸಲ ಬರೆದು ನೋಡು. ನಾನು ಹೇಳುವುದು ಬೇಡ, ನಿನ್ನ ಕೈಯೇ ಹೇಳಲಿ.

ನಿಬ್ಬಿನ ವಿಷಯವೂ ಇದರ ಜೊತೆಗೇ ಬರುತ್ತದೆ. ಕನ್ನಡಕ್ಕೆ ಸಪೂರ ನಿಬ್ಬೇ ಬೇಕು. ಗೆರೆ ಪುಸ್ತಕದ ಎರಡು ಗೆರೆಗಳ ನಡುವೆ 7–8 ಮಿ.ಮೀ. ಜಾಗ ಇರುತ್ತದೆ. ಅಷ್ಟರೊಳಗೆ 'ರಾಷ್ಟ್ರೀಯ' ಬರೆ. ಷ, ಅದರ ಮೇಲೆ ಗುಡಿಸು, ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು. ದಪ್ಪ ನಿಬ್ಬಾದರೆ ಅಲ್ಲಿ ಒಂದು ಶಾಯಿಯ ಮುದ್ದೆ ಮಾತ್ರ ಕಾಣುತ್ತದೆ. 'ಧ'ದ ಕೆಳಗಿನ ಸೀಳು ಮುಚ್ಚಿಹೋಗಿ 'ದ' ಆಗುತ್ತದೆ. 'ಧನ' ಅಂತ ಬರೆದದ್ದು 'ದನ' ಆಗುತ್ತದೆ. ಅಂಗಡಿಯಲ್ಲಿ 'ಫೈನ್' ಅಂತ ಕೇಳಿ ತೆಗೆದುಕೊ.

ಮುಳ್ಳೇರಿಯಾದವ, ಈಗ ಬೆಂಗಳೂರು

ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜಪಾನಿನ ಫೈನ್ ಯುರೋಪಿನ ಫೈನಿಗಿಂತ ಸಪೂರ. ಅವರಿಗೂ ಸಣ್ಣ ಜಾಗದಲ್ಲಿ ತುಂಬಾ ಗೆರೆ ಇರುವ ಅಕ್ಷರ ಬರೆಯಬೇಕಲ್ಲ. ಪೈಲಟ್ ಪೆನ್ನಿನ ಫೈನ್ ನಿಬ್ಬಿನಲ್ಲಿ ನನ್ನ ಒತ್ತಕ್ಷರಗಳು ಬಹಳ ಚೊಕ್ಕ ಬರುತ್ತವೆ.

ಪೆರ್ಲದ ತೋಟದವ

ಶಾಯಿ ಅಂದ ಕೂಡಲೇ ನನಗೆ ಮೆಟ್ಟುಕತ್ತಿ ನೆನಪಾಯಿತು. ಎಳೆ ಅಡಿಕೆ ಕೊಯ್ದು ಕತ್ತಿ ತೊಳೆಯದೆ ಇಟ್ಟರೆ ಬೆಳಗ್ಗೆ ಅಲಗಿನಲ್ಲಿ ನೀಲಿ ಮಿಶ್ರಿತ ಕಪ್ಪು ಕಲೆ. ಬಾಳೆಕಾಯಿ ಕೊಯ್ದರೂ ಹಾಗೆಯೇ. ಕಾಯಿಯ ಚೊಗರಿಗೆ ಕಬ್ಬಿಣ ತಾಗಿ ಆಗುವ ಕಪ್ಪು ಅದು. ಹಳೆ ಕಾಲದ ಶಾಯಿಯಲ್ಲಿ ಒಂದು ಜಾತಿ ಇದೇ ಅಲ್ವಾ? ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಾಡುತ್ತಿದ್ದರು. ಯುರೋಪಿನಲ್ಲಿ ಓಕ್ ಮರದ ಗಂಟಿನಿಂದ ಮಾಡುತ್ತಿದ್ದರು.

ನಮ್ಮ ಕಡೆ ಹೆಚ್ಚಾಗಿ ಚಾಲಿ, ಹಣ್ಣಡಿಕೆ ಒಣಗಿಸುವುದು. ಅಡಿಕೆ ಬೇಯಿಸುವ ಕ್ರಮ ಮಲೆನಾಡಿನವರದು, ಅವರಲ್ಲಿ ಚೊಗರು ಬೇಕಾದಷ್ಟು. ನಾನು ಎಳೆ ಅಡಿಕೆ ಕುದಿಸಿ, ನೀರನ್ನು ಸೋಸಿ, ತುಕ್ಕು ಹಿಡಿದ ಮೊಳೆ ಹಾಕಿ ಒಂದು ವಾರ ಇಟ್ಟೆ. ಬರೆಯುವಾಗ ಚಾಯದ ಬಣ್ಣ. ಒಣಗಿ ಮರುದಿನ ನೋಡಿದರೆ ಕಪ್ಪು! ನೀರು ಹಾಕಿ ಉಜ್ಜಿದರೂ ಹೋಗಲಿಲ್ಲ. ಅಕ್ಕ ಇದನ್ನು ಪೆನ್ನಿಗೆ ಹಾಕಬಹುದಾ?

ಮುಳ್ಳೇರಿಯಾದವ, ಈಗ ಬೆಂಗಳೂರು

ಭಾವಾ, ನಿಮ್ಮ ಪ್ರಯೋಗಕ್ಕೆ ಕೈ ಮುಗಿದೆ. ಆದರೆ ಪೆನ್ನಿಗೆ ಬೇಡವೇ ಬೇಡ. ಮನೆಯಲ್ಲಿ ಮಾಡಿದ ಶಾಯಿಯಲ್ಲಿ ಕಣ್ಣಿಗೆ ಕಾಣದ ಗಸಿ ಇರುತ್ತದೆ, ಆ ಕೂದಲಿನ ತೋಡು ಕಟ್ಟಿಹೋಗುತ್ತದೆ. ಅದರ ಹುಳಿ ಸ್ಟೀಲ್ ನಿಬ್ಬನ್ನು ತಿನ್ನುತ್ತದೆ. ಬಿದಿರ ಕಡ್ಡಿ ಕೊಯ್ದು ಅದ್ದಿ ಬರೆಯಿರಿ, ಅದಕ್ಕೆ ಇದು ಒಳ್ಳೆಯದು.

ನಮ್ಮ ದೇಶದ ಶಾಯಿ ಕಂಪೆನಿಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಕ್ಯಾಮ್ಲಿನ್ 1931ರಲ್ಲಿ ಮುಂಬೈಯಲ್ಲಿ ಸುರುವಾದದ್ದು ಶಾಯಿ ಪುಡಿಯಿಂದ. ಬಂಗಾಳದ ಸುಲೇಖಾ 1934ರದ್ದು, ಅದೂ ಸ್ವದೇಶಿ ಚಳವಳಿಯ ಮಗು. ನಡುವೆ ಮುಚ್ಚಿತ್ತು, ಈಗ ಮತ್ತೆ ಶಾಯಿ ಮಾಡುತ್ತಿದ್ದಾರೆ.

ಉಪ್ಪಳದ ಸ್ಟೇಷನರಿ

ನನ್ನದು ಸಣ್ಣ ಅಂಗಡಿ. ಈ ಊರಿನ ಮಳೆಗಾಲಕ್ಕೆ ಏನು ಬೇಕು ಅಂತ ನಾನು ಹೇಳುತ್ತೇನೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನಿನಿಂದ ಕಾಗದವೆಲ್ಲ ಹಪ್ಪಳದ ಹಾಗೆ ಮೆತ್ತಗೆ. ಎಂಥ ಒಳ್ಳೆಯ ಪುಸ್ತಕ ಆದರೂ ತಂಪು ಎಳೆದರೆ ಶಾಯಿ ಬೇರು ಬಿಟ್ಟ ಹಾಗೆ ಹರಡುತ್ತದೆ. ಗಿರಾಕಿಗಳು ಶಾಯಿ ಸರಿ ಇಲ್ಲ ಅಂತ ತರುತ್ತಾರೆ. ಶಾಯಿ ಸರಿಯಾಗಿಯೇ ಇರುತ್ತದೆ, ಕಾಗದಕ್ಕೆ ತಂಪು ತಾಗಿರುತ್ತದೆ.

ಪುಸ್ತಕವನ್ನು ಗಾಳಿ ಆಡದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಔಷಧಿ ಬಾಟಲಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ನಾಲ್ಕೈದು ಸೇರಿಸಿ ಆ ಡಬ್ಬಿಗೆ ಹಾಕಿ. ಬರೆಯುವ ಕೈಯ ಅಡಿಗೆ ಒಂದು ತುಂಡು ಕಾಗದ ಇಟ್ಟುಕೊಳ್ಳಿ. ನಮ್ಮ ಸೆಕೆಗೆ ಅಂಗೈಯ ಬೆವರು, ಎಣ್ಣೆ ತಾಗಿದ ಕಡೆ ಶಾಯಿ ಹಿಡಿಯುವುದಿಲ್ಲ. ಪುಟದ ಕೆಳಗಿನ ಸಾಲುಗಳು ಮಾಸಲು ಆಗುವುದು ಅದಕ್ಕೇ.

ಬಾಟಲಿಯನ್ನು ಮೂಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಶಾಯಿಯ ಮೇಲೆ ಕೆನೆ ಕಟ್ಟಿದ್ದರೆ, ಹಳಸಿದ ವಾಸನೆ ಬಂದರೆ ಬೂಸು ಬಂದಿದೆ ಅಂತ ಲೆಕ್ಕ. ಸೋಸಿ ಉಪಯೋಗಿಸಬೇಡಿ, ಚೆಲ್ಲಿಬಿಡಿ. ಪೆನ್ನಿನಲ್ಲಿ ಉಳಿದ ಶಾಯಿಯನ್ನು ವಾಪಸು ಬಾಟಲಿಗೆ ಸುರಿಯಬೇಡಿ. ಶಾಯಿ ದಪ್ಪವಾಯಿತು ಅಂತ ಬಾವಿ ನೀರು ಸೇರಿಸಬೇಡಿ. ತೀರಾ ಬೇಕಾದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ನಾಲ್ಕು ಹನಿ, ಆಸಿಡ್ ಅಲ್ಲ.

ಹೊಸೂರಿನಿಂದ

ನಾವು ಇಲ್ಲಿ ತಮಿಳುನಾಡಿನ ಕನ್ನಡದವರು. ಲಕ್ಷ್ಮೀ ಸಂಗತಿ ನಮ್ಮ ಮನೆಯದೂ ಹೌದು. ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಬರೆಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಅರ್ಧ ಗಂಟೆ ಬರೆಯುತ್ತೇವೆ. ಫೋನುಗಳು ಬೇರೆ ಕೋಣೆಯಲ್ಲಿ. ಸುಮ್ನೆ ತಿರುಗಿಸಿ ಇಟ್ಟರೆ ಸಾಲದು, ಕಣ್ಣಿಗೆ ಕಾಣಬಾರದು. ಮೊದಲ ವಾರ ಹತ್ತು ನಿಮಿಷಕ್ಕೇ ಎದ್ದುಬಿಡುತ್ತಿದ್ದಳು. ಈಗ ನಾನೇ ಮೊದಲು ಏಳುವುದು. ಬೇರೆ ಉಪಾಯ ನನಗೆ ಗೊತ್ತಿಲ್ಲ.

ನೀರ್ಚಾಲು ಮನೆಯವಳು

ಎಲ್ಲರಿಗೂ ತುಂಬಾ ಉಪಕಾರ. ನಿಬ್ಬು ನೀರಿನಲ್ಲಿದೆ. ಮೂರು ದಿನದಿಂದ ನೀಲಿ ಬರುತ್ತಲೇ ಇದೆ. ಅಪ್ಪ ಕಡೆಗೆ ತುಂಬಿಸಿದ ಶಾಯಿ ಅದು, ಚೆಲ್ಲಲು ಮನಸ್ಸು ಬರುವುದಿಲ್ಲ.

ಶಾಯಿ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಅದಕ್ಕೆ ಕಾರಣ ಇದೆ. ಹೋದ ವರ್ಷ ಅಮ್ಮನ ಒಂದು ಅರ್ಜಿ ಕನ್ನಡದಲ್ಲಿ ಬರೆದು ಒಂದು ಆಫೀಸಿಗೆ ಕೊಟ್ಟಿದ್ದೆ. ನೀಲಿ ಜೆಲ್ ಪೆನ್ನಿನಲ್ಲಿ ಬರೆದದ್ದು. ದಾರಿಯಲ್ಲಿ ಮಳೆ ತಾಗಿ ಎರಡು ಸಾಲು ಕಲಸಿಹೋಯಿತು. ಕೌಂಟರಿನವರು ಓದಲಾಗುವುದಿಲ್ಲ ಅಂದರು, ಸರಿ. ಆದರೆ ಮತ್ತೆ ಬರೆಯುವಾಗ ಮಲಯಾಳದಲ್ಲೇ ಬರೆದುಕೊಂಡು ಬನ್ನಿ ಅಂದರು. ಅಮ್ಮ ಏನೂ ಹೇಳದೆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ಕಾಗದ ಈಗಲೂ ಮನೆಯಲ್ಲಿದೆ.

ಕುಂಬಳೆ ಮಾಷ್ಟ್ರು

ಆ ಮಾತಿಗೆ ನೀವು ತಲೆ ಬಾಗಬೇಕಾಗಿಲ್ಲ ತಂಗೀ. ಸಂವಿಧಾನದ 350ನೇ ವಿಧಿ ನೋಡಿ. ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಹವಾಲು ಕೊಡಬಹುದು. 1956ರ ನವೆಂಬರ್ 1ಕ್ಕೆ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು, ಚಂದ್ರಗಿರಿ ಹೊಳೆಯ ಈಚೆಯ ನಮ್ಮ ಮನೆಗಳಲ್ಲಿ ಭಾಷೆ ಬದಲಾಗಲಿಲ್ಲ. ಇಲ್ಲಿ ಕನ್ನಡದಲ್ಲಿ ಕೊಟ್ಟ ಪ್ರತಿಯೊಂದು ಅರ್ಜಿಯೂ ಇಲ್ಲಿ ಕನ್ನಡದವರು ಇದ್ದಾರೆ ಅನ್ನುವುದಕ್ಕೆ ದಾಖಲೆ. ಹಾಗಾಗಿ ಅಕ್ಷರ ಚೊಕ್ಕ ಇರಬೇಕು, ಶಾಯಿ ನಿಲ್ಲಬೇಕು.

ರಾಯಲ್ ಬ್ಲೂ ನೋಡಲು ಚಂದ, ತೊಳೆಯಲು ಸುಲಭ. ಹಳೆಯ ಪೆನ್ನಿಗೆ ಮೊದಲ ಸಲ ಅದನ್ನೇ ಹಾಕಿ. ಆದರೆ ಒಂದು ಹನಿ ನೀರು ಬಿದ್ದರೆ ಅಕ್ಷರ ಹೋಯಿತು. ಅರ್ಜಿಗೆ, ಲೆಕ್ಕಕ್ಕೆ ನೀರಿಗೆ ಹೋಗದ ಕಪ್ಪು ಶಾಯಿ ಬೇಕು. ಬಾಟಲಿಯ ಮೇಲೆ ಪರ್ಮನೆಂಟ್ ಅಂತ ಬರೆದದ್ದನ್ನು ನಂಬಬೇಡಿ. ಒಂದು ಸಾಲು ಬರೆದು, ಒಂದು ದಿನ ಒಣಗಿಸಿ, ನಲ್ಲಿಯ ಕೆಳಗೆ ಹಿಡಿದು ನೋಡಿ.

ಉಪ್ಪಳದ ಸ್ಟೇಷನರಿ

ಮಾಷ್ಟ್ರು ಹೇಳಿದ್ದು ಸರಿ. ಆದರೆ ನೀರಿಗೆ ಹೋಗದ ಶಾಯಿ ಪೆನ್ನಿನೊಳಗೆ ಒಣಗಿದರೆ ಪೆನ್ನಿನಿಂದಲೂ ಹೋಗುವುದಿಲ್ಲ ಮಾರಾಯ್ರೆ. ಅಪ್ಪನ ಪೆನ್ನಿಗೆ ಅದನ್ನು ಹಾಕಬೇಡಿ. ಅರ್ಜಿಗೆ ಅಂತ ಒಂದು ಕಡಿಮೆ ಕ್ರಯದ ಇಂಕ್ ಪೆನ್ನು ಬೇರೆಯೇ ಇಟ್ಟುಕೊಳ್ಳಿ. ದಿನಾ ಎರಡು ಸಾಲು ಬರೆಯಿರಿ, ತಿಂಗಳಿಗೊಮ್ಮೆ ತೊಳೆಯಿರಿ.

ಮಂಜೇಶ್ವರದ ಹುಡುಗ

ಮಾಷ್ಟ್ರೇ, 'ಅ' ಬರೆದು ನೋಡಿದೆ. ಬಾಲ್ ಪೆನ್ನಿನಲ್ಲಿ ಹತ್ತರಲ್ಲಿ ಏಳಕ್ಕೆ ಸುಳಿ ಮೂಲೆ ಮೂಲೆಯಾಗಿ ಬಂದಿದೆ. ಗೆಳೆಯನ ಇಂಕ್ ಪೆನ್ನಿನಲ್ಲಿ ಮೊದಲ ಮೂರು ಹಾಳು, ಉಳಿದದ್ದು ಗುಂಡಗೆ. ನನಗೆ ಇಷ್ಟು ವರ್ಷ ನನ್ನ ಅಕ್ಷರವೇ ಕೆಟ್ಟದು ಅಂತ ಇತ್ತು.

ಇನ್ನೊಂದು ಗಮನಿಸಿದೆ. ಫೋನಿನಲ್ಲಿ ನೋಟ್ಸ್ ಮಾಡುವಾಗ ಪಾಠದ ವಾಕ್ಯವನ್ನು ಹಾಗೇ ಇಳಿಸುತ್ತೇನೆ. ಪೆನ್ನಿನಲ್ಲಿ ಅಷ್ಟು ವೇಗ ಇಲ್ಲ, ಬರೆಯುವ ಮೊದಲು ಚಿಕ್ಕದು ಮಾಡಬೇಕು. ಚಿಕ್ಕದು ಮಾಡಬೇಕಾದರೆ ಅರ್ಥ ಆಗಬೇಕು. ಹಳಗನ್ನಡದ ಪದ್ಯಗಳನ್ನು ಈ ವಾರ ಕೈಯಲ್ಲೇ ಬಿಡಿಸಿ ಬರೆದೆ. ಸಂಧಿ ಎಲ್ಲಿ ಒಡೆಯಬೇಕು ಅಂತ ಬರೆಯುವಾಗಲೇ ಗೊತ್ತಾಗುತ್ತದೆ.

ನೀರ್ಚಾಲು ಮನೆಯವಳು

ಐದನೇ ದಿನ ನೀರು ತಿಳಿಯಾಯಿತು. ನಿಬ್ಬು ತಾನಾಗಿ ಕೈಗೆ ಬಂತು. ನಾಲಗೆಯ ತೋಡಿನಲ್ಲಿ ಸಿಕ್ಕಿದ್ದ ಒಂದು ಎಳೆ ಕಾಗದದ ನಾರನ್ನು ಹಳೆಯ ಬ್ರಷ್ಷಿನಲ್ಲಿ ತೆಗೆದೆ. ಎಳೆಗೆ ಗ್ರೀಸ್ ಸವರಿ ರಾಯಲ್ ಬ್ಲೂ ತುಂಬಿಸಿದೆ. ಹತ್ತು ನಿಮಿಷ ಏನೂ ಬರಲಿಲ್ಲ. ನಿಬ್ಬು ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಿ ಅಡುಗೆಮನೆಗೆ ಹೋದೆ. ಬಂದು ತಾಗಿಸಿದರೆ ಗೆರೆ ಬಂತು.

ಅಪ್ಪ ಎಡಕ್ಕೆ ಸ್ವಲ್ಪ ಓರೆ ಹಿಡಿದು ಬರೆಯುತ್ತಿದ್ದರು ಅಂತ ಕಾಣುತ್ತದೆ. ನಾನು ನೇರ ಹಿಡಿದರೆ ನಿಬ್ಬು ಕೆರೆಯುತ್ತದೆ. ಅವರ ಹಾಗೆ ತಿರುಗಿಸಿದ ಕೂಡಲೇ ನಯವಾಗಿ ಹೋಗುತ್ತದೆ. ತುದಿ ಅವರ ಕೈಗೆ ತಕ್ಕಂತೆ ಸವೆದಿದೆ. ಅದನ್ನು ಉಜ್ಜಿ ಸರಿ ಮಾಡಿಸುವುದಿಲ್ಲ. ನಾನೇ ಹಿಡಿಯುವ ಕ್ರಮ ಬದಲಾಯಿಸಿಕೊಳ್ಳುತ್ತೇನೆ.

ಮೊದಲ ಪುಟವಿಡೀ 'ಲಕ್ಷ್ಮೀ' ಬರೆದೆ. ಇಪ್ಪತ್ತೆರಡು ಸಾಲು. ಹನ್ನೆರಡನೇ ಸಾಲಿನಿಂದ ಕೈ ನಿಲ್ಲಲಿಲ್ಲ. ಎರಡನೇ ಪುಟದಲ್ಲಿ ಅಮ್ಮನ ಅರ್ಜಿಯ ಕರಡು ಸುರು ಮಾಡಿದ್ದೇನೆ, ಕನ್ನಡದಲ್ಲೇ.

ಉಪ್ಪಳದ ಅಣ್ಣಾ, ನೀರಿಗೆ ಹೋಗದ ಕಪ್ಪು ಶಾಯಿ ಒಂದು ಬಾಟಲಿ, ಫೈನ್ ನಿಬ್ಬಿನ ಒಂದು ಕಡಿಮೆ ಕ್ರಯದ ಪೆನ್ನು ತೆಗೆದಿಡಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅಮ್ಮನೂ ನಾನೂ ಬರುತ್ತೇವೆ.